ಸೀಟ್ ಬೆಲ್ಟ್ ಕೊಟ್ಟ ನಿಲ್ಸ್ ಬೋಲಿನ್, ಮತ್ತು ನಮ್ಮ ಪುಟ್ಟಿ

ಎಂಜಿನಿಯರ್ಸ್ ಡೇ ಬಂತು ಅಂದ್ರೆ ನಮ್ಮ ಪತ್ರಿಕೆಯಲ್ಲಿ ಸರ್ ಎಂ.ವಿ. ಅವರ ಬಗ್ಗೆ ಒಂದು ಲೇಖನ ಗ್ಯಾರಂಟಿ. ಅದು ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಸಲ ನಾವು ಬೇರೆ ಒಬ್ಬ ಎಂಜಿನಿಯರ್ ಬಗ್ಗೆ ಬರೀತೀವಿ ಅಂತ ಸೀನಿಯರ್‌ಗಳ ಹತ್ತಿರ ಕೇಳಿಕೊಂಡ್ವಿ. ಇವರು ನಮ್ಮ ದೇಶದವರಲ್ಲ. ಇವರ ಹೆಸರು ಕ್ಲಾಸಿನಲ್ಲಿ ಕೇಳಿದರೆ ಮೆಕ್ಯಾನಿಕಲ್‌ನವರಾದ ನಮಗೇ ಗೊತ್ತಿರಲಿಲ್ಲ. ಆದರೆ ಇವರು ಮಾಡಿದ ವಸ್ತುವನ್ನು ನೀವೆಲ್ಲರೂ ಮುಟ್ಟಿದ್ದೀರಿ. ಮುಟ್ಟಿ, ಎಳೆದು, ಎಷ್ಟೋ ಸಲ ಹಾಕಿಕೊಳ್ಳದೆ ಬಿಟ್ಟಿದ್ದೀರಿ ಕೂಡ. ನಾವೂ ಬಿಟ್ಟಿದ್ದೀವಿ.

ಇವರನ್ನು ಹುಡುಕಿಕೊಂಡು ಹೋಗೋದಕ್ಕೆ ಒಂದು ಕಾರಣ ಇದೆ, ಮೊದಲು ಅದನ್ನ ಹೇಳಿಬಿಡ್ತೀವಿ. ಕಳೆದ ದಸರಾ ರಜೆಯಲ್ಲಿ ನಾವು ಮನೆಯವರೆಲ್ಲ ಒಂದೇ ಕಾರಿನಲ್ಲಿ ಊರಿಗೆ ಹೊರಟಿದ್ವಿ. ಭಾವ ಓಡಿಸ್ತಾ ಇದ್ದರು. ಪಕ್ಕದಲ್ಲಿ ಅಕ್ಕ, ಅಕ್ಕನ ಮಡಿಲಲ್ಲಿ ಎರಡು ವರ್ಷದ ಪುಟ್ಟಿ. ಹಿಂದೆ ನಾವು, ಅಮ್ಮ, ಅಜ್ಜಿ, ಒಂದು ಬುಟ್ಟಿ ಚಕ್ಕುಲಿ. ಅಕ್ಕನ ಬೆಲ್ಟ್ ಹಾಕಿತ್ತು, ಆದರೆ ಅಕ್ಕನಿಗಲ್ಲ. ಮಗುಗೆ ಒತ್ತುತ್ತೆ ಅಂತ ಬೆಲ್ಟನ್ನು ಸೀಟಿನ ಹಿಂದಿನಿಂದ ತಂದು ಬಕಲ್‌ಗೆ ಸಿಗಿಸಿದ್ದರು, ಬೀಪ್ ಸದ್ದು ನಿಲ್ಲಲಿ ಅಂತ. ಒಂದು ಊರಿನ ಹತ್ತಿರ ನಾಯಿ ಅಡ್ಡ ಬಂತು. ಭಾವ ಬ್ರೇಕ್ ಒತ್ತಿದರು. ಕಾರು ಯಾವುದಕ್ಕೂ ಗುದ್ದಲಿಲ್ಲ, ಸ್ಪೀಡೂ ಅಷ್ಟೇನಿರಲಿಲ್ಲ. ಬರೀ ಬ್ರೇಕಿಗೇ ಪುಟ್ಟಿ ಅಕ್ಕನ ಕೈಯಿಂದ ಜಾರಿ ಮುಖ ಡ್ಯಾಶ್‌ಬೋರ್ಡಿಗೆ ಬಡಿಯಿತು. ತುಟಿ ಒಡೆದು ಎರಡು ಹೊಲಿಗೆ ಬಿತ್ತು. ಅಷ್ಟಕ್ಕೇ ಮುಗಿದಿದ್ದು ನಮ್ಮ ಪುಣ್ಯ. ಅಕ್ಕ ಅವತ್ತು ರಾತ್ರಿ ಪೂರ್ತಿ ತನ್ನ ಕೈಗಳನ್ನೇ ನೋಡ್ಕೊಂಡು ಕೂತಿದ್ದಳು. ಗಟ್ಟಿಯಾಗಿ ಹಿಡ್ಕೊಂಡಿದ್ದೆ, ಆದ್ರೂ ಹೇಗೆ ಬಿಟ್ಟುಹೋಯ್ತು ಅನ್ನೋದೇ ಅವಳ ಪ್ರಶ್ನೆ. ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದಾಗ ನಮಗೆ ಸಿಕ್ಕಿದವರು ನಿಲ್ಸ್ ಬೋಲಿನ್.

ಬೋಲಿನ್ ಹುಟ್ಟಿದ್ದು 1920ರ ಜುಲೈ 17ರಂದು, ಸ್ವೀಡನ್ನಿನ ಹೆರ್ನೋಸಾಂಡ್ ಎಂಬ ಊರಿನಲ್ಲಿ. ಸಮುದ್ರ ತೀರದ ಚಿಕ್ಕ ಪಟ್ಟಣ, ಉತ್ತರದ ಚಳಿ ಸೀಮೆ. ಅಲ್ಲೇ ಓದಿ 1939ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಡಿಪ್ಲೊಮಾ ಮುಗಿಸಿದರು. ಲೆಕ್ಕ ಹಾಕಿ ನೋಡಿ, ಆಗ ಅವರಿಗೆ ಹೆಚ್ಚೂಕಡಿಮೆ ನಮ್ಮದೇ ವಯಸ್ಸು. ನಾವು ಇನ್ನೂ ಮೂರನೇ ಸೆಮಿಸ್ಟರ್ ಇಂಟರ್ನಲ್ಸ್‌ಗೆ ಒದ್ದಾಡ್ತಾ ಇದ್ದೀವಿ. ಅವರು ಡಿಪ್ಲೊಮಾ ತಗೊಂಡ ವರ್ಷವೇ ಯುರೋಪಿನಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಸ್ವೀಡನ್ ಯುದ್ಧಕ್ಕೆ ಇಳಿಯಲಿಲ್ಲ. ಆದರೆ ಸುತ್ತಲೂ ಬೆಂಕಿ ಇರುವಾಗ ಸುಮ್ಮನೆ ಕೂರೋಕೂ ಆಗಲ್ಲವಲ್ಲ, ತನ್ನ ವಿಮಾನಗಳನ್ನು ತಾನೇ ಮಾಡಿಕೊಳ್ಳತೊಡಗಿತು. ಆ ವಿಮಾನ ಮಾಡುತ್ತಿದ್ದ ಸಾಬ್ ಕಂಪನಿಗೆ ಬೋಲಿನ್ 1942ರಲ್ಲಿ ಡಿಸೈನರ್ ಆಗಿ ಸೇರಿದರು.

ಸಾಬ್‌ನಲ್ಲಿ ಅವರು ಕೈ ಹಾಕಿದ ಮುಖ್ಯ ಕೆಲಸ ಇಜೆಕ್ಷನ್ ಸೀಟು. ಇದು ಏನಕ್ಕೆ ಬೇಕಾಯಿತು ಅನ್ನೋದೇ ಒಂದು ಮಜವಾದ ವಿಷಯ. ಆ ಕಾಲದ ಸಾಬ್ 21 ಎಂಬ ಫೈಟರ್ ವಿಮಾನಕ್ಕೆ ಪ್ರೊಪೆಲ್ಲರ್ ಮುಂದೆ ಇರಲಿಲ್ಲ, ಪೈಲಟ್ ಬೆನ್ನ ಹಿಂದೆ ಇತ್ತು. ವಿಮಾನ ಕೆಟ್ಟಾಗ ಪೈಲಟ್ ಸುಮ್ಮನೆ ಹೊರಗೆ ಹಾರಿದರೆ ನೇರ ಹೋಗಿ ಆ ಬ್ಲೇಡುಗಳಿಗೆ ಸಿಗುತ್ತಿದ್ದ. ಅದಕ್ಕೇ ಸೀಟಿನ ಸಮೇತ ಅವನನ್ನು ಮೇಲಕ್ಕೆ ಚಿಮ್ಮಿಸುವ ವ್ಯವಸ್ಥೆ. ಆದರೆ ಚಿಮ್ಮಿಸೋದು ಸುಲಭ, ಚಿಮ್ಮಿಸಿದ ಮೇಲೆ ಪೈಲಟ್ ಬದುಕಿರಬೇಕಲ್ಲ? ಎಷ್ಟು ಫೋರ್ಸ್, ಎಷ್ಟು ಹೊತ್ತು, ಯಾವ ದಿಕ್ಕಿಗೆ, ದೇಹದ ಯಾವ ಮೂಳೆಯ ಮೇಲೆ. ಅದೇ ಫೋರ್ಸ್ ಸರಿಯಾದ ಜಾಗಕ್ಕೆ ಬಿದ್ದರೆ ಮನುಷ್ಯ ಎದ್ದು ನಡೀತಾನೆ, ತಪ್ಪಾದ ಜಾಗಕ್ಕೆ ಬಿದ್ದರೆ ಬೆನ್ನುಮೂಳೆ ಮುರಿಯುತ್ತೆ. ಹದಿನಾರು ವರ್ಷ ಬೋಲಿನ್ ವಿಮಾನದ ಲೋಕದಲ್ಲಿದ್ದು ಕಲಿತದ್ದು ಇದನ್ನೇ. ನಮ್ಮ ಎಂಜಿನಿಯರಿಂಗ್ ಮೆಕ್ಯಾನಿಕ್ಸ್ ಪೇಪರಿನಲ್ಲಿ ಫೋರ್ಸ್ ಅಂದ್ರೆ ಒಂದು ಬಾಣದ ಗುರುತು ಅಷ್ಟೆ, ಮಾರ್ಕ್ಸ್ ಸಿಕ್ಕರೆ ಮುಗೀತು. ಅವರಿಗೆ ಆ ಬಾಣದ ತುದಿಯಲ್ಲಿ ಯಾವಾಗಲೂ ಒಬ್ಬ ಮನುಷ್ಯ ಇರುತ್ತಿದ್ದ.

1958ರಲ್ಲಿ ವೋಲ್ವೋ ಕಾರ್ ಕಂಪನಿಯ ಮುಖ್ಯಸ್ಥ ಗುನ್ನಾರ್ ಎಂಗೆಲಾವ್ ಅವರು ಬೋಲಿನ್‌ರನ್ನು ಕರೆಸಿಕೊಂಡರು. ಎಂಗೆಲಾವ್ ಅವರ ಸಂಬಂಧಿಕರೊಬ್ಬರು ಕಾರ್ ಅಪಘಾತದಲ್ಲಿ ತೀರಿಕೊಂಡಿದ್ದರಂತೆ. ಅದರ ನೋವು ಈ ನಿರ್ಧಾರದ ಹಿಂದೆ ಇತ್ತು ಅಂತ ಹೇಳುತ್ತಾರೆ. ಬೋಲಿನ್ ಅಲ್ಲಿ ಸೇಫ್ಟಿ ಎಂಜಿನಿಯರ್ ಆದರು.

ಆಗ ಬೆಲ್ಟ್ ಅನ್ನೋದು ಇರಲೇ ಇಲ್ಲ ಅಂತಲ್ಲ. ಸೊಂಟಕ್ಕೆ ಸುತ್ತುವ ಒಂದು ಪಟ್ಟಿ ಇತ್ತು, ಬಸ್ಸು-ವಿಮಾನಗಳಲ್ಲಿ ಈಗಲೂ ನೋಡ್ತೀವಲ್ಲ, ಅಂಥದ್ದು. ಅದು ಸೊಂಟವನ್ನು ಹಿಡಿದರೂ ಮೇಲಿನ ದೇಹ ಮಡಚಿಕೊಂಡು ತಲೆ ಮುಂದಕ್ಕೆ ಬಡಿಯುತ್ತಿತ್ತು. ಎದೆಯ ಮೇಲೆ ಅಡ್ಡಡ್ಡ ಹೋಗುವ ಒಂಟಿ ಪಟ್ಟಿಯೂ ಇತ್ತು. ಅದರ ಬಕಲ್ ಪಕ್ಕೆಲುಬಿನ ಹತ್ತಿರ ಬರುತ್ತಿತ್ತು, ಅಪಘಾತವಾದಾಗ ಆ ಬಕಲ್ಲೇ ಒಳಗಿನ ಅಂಗಗಳಿಗೆ ಏಟು ಕೊಡುತ್ತಿತ್ತು. ಅಮೆರಿಕದಲ್ಲಿ ಗ್ರಿಸ್ವೋಲ್ಡ್ ಮತ್ತು ಡಿಹೇವನ್ ಎಂಬ ಇಬ್ಬರು ಬೋಲಿನ್‌ಗಿಂತ ಮೊದಲೇ ಮೂರು ಬಿಂದುವಿನ ಬೆಲ್ಟಿಗೆ ಪೇಟೆಂಟ್ ತೆಗೆದುಕೊಂಡಿದ್ದರು. ಅದರಲ್ಲಿ ಬಕಲ್ ಹೊಟ್ಟೆಯ ನಡುವೆ ಇತ್ತು. ಅಂದರೆ ಮೂರು ಬಿಂದು ಅನ್ನೋ ಐಡಿಯಾ ಬೋಲಿನ್‌ರದ್ದೇ ಅಂತ ವೈವಾದಲ್ಲಿ ಹೇಳಿದರೆ ಅರ್ಧ ಮಾರ್ಕ್ಸ್ ಅಷ್ಟೆ. ಅವರ ಕೆಲಸ ಇರೋದು ಆ ಮೂರು ಬಿಂದುಗಳನ್ನು ಎಲ್ಲಿಟ್ಟರು ಅನ್ನೋದರಲ್ಲಿ.

ವಿಮಾನದಲ್ಲಿ ಅವರಿಗೆ ಒಂದು ಅನುಕೂಲ ಇತ್ತು. ಪೈಲಟ್‌ಗಳಿಗೆ ನಾಲ್ಕು ಪಟ್ಟಿ ಕಟ್ಟಿದರೂ ಕಟ್ಟಿಸಿಕೊಳ್ಳುತ್ತಿದ್ದರು, ಯಾಕಂದ್ರೆ ಜೀವದ ಆಸೆ. ಕಾರಿನಲ್ಲಿ ಕೂರೋ ಜನ ಹಾಗಲ್ಲ. ಒಂದು ನಿಮಿಷ ಕಿರಿಕಿರಿಯಾದರೂ ಬಿಚ್ಚಿ ಹಾಕುತ್ತಾರೆ ಅನ್ನೋದು ಬೋಲಿನ್‌ಗೆ ಬೇಗ ಅರ್ಥವಾಯಿತು. ಆದ್ದರಿಂದ ಒಂದೇ ಕೈಯಲ್ಲಿ, ಒಂದೇ ಎಳೆತಕ್ಕೆ ಹಾಕಿಕೊಳ್ಳುವಂತೆ ಇರಬೇಕು ಅಂತ ಅವರು ಹಟ ಹಿಡಿದರು. ವರ್ಷದೊಳಗೆ ಡಿಸೈನ್ ತಯಾರಾಯಿತು. ಒಂದೇ ಉದ್ದ ಪಟ್ಟಿ. ಒಂದು ಭಾಗ ಭುಜದಿಂದ ಎದೆಗೂಡಿನ ಮೇಲೆ ಓರೆಯಾಗಿ ಇಳಿಯುತ್ತೆ, ಇನ್ನೊಂದು ಭಾಗ ತೊಡೆಯ ಮೇಲ್ಭಾಗದಲ್ಲಿ ಸೊಂಟದ ಮೂಳೆಗೆ ಅಂಟಿಕೊಂಡು ಹೋಗುತ್ತೆ. ಎರಡೂ ಸೇರುವ ಜಾಗ ಹೊಟ್ಟೆಯಲ್ಲಿಲ್ಲ, ಪಕ್ಕದಲ್ಲಿ, ಸೀಟಿನ ಬುಡದಲ್ಲಿ. ಎದುರಿನಿಂದ ನೋಡಿದರೆ ಪಟ್ಟಿಗಳು ಮಲಗಿಸಿದ ಒಂದು ವಿ ಆಕಾರ ಮಾಡುತ್ತವೆ, ಅದರ ಚೂಪು ತುದಿ ನೆಲದ ಕಡೆಗೆ. ಎಷ್ಟೇ ಫೋರ್ಸ್ ಬಿದ್ದರೂ ಪಟ್ಟಿ ತನ್ನ ಜಾಗ ಬಿಟ್ಟು ಸರಿಯಬಾರದು, ಅದೇ ಮುಖ್ಯ. ಮನುಷ್ಯನ ದೇಹದಲ್ಲಿ ಗಟ್ಟಿಯಾದ ಜಾಗಗಳು ಎದೆಗೂಡು, ಭುಜದ ಮೂಳೆ, ಸೊಂಟದ ಮೂಳೆ. ಫೋರ್ಸನ್ನೆಲ್ಲ ಅಲ್ಲಿಗೇ ಕಳಿಸಿ, ಮೆದುವಾದ ಹೊಟ್ಟೆಯನ್ನೂ ಕತ್ತನ್ನೂ ಪೂರ್ತಿ ಬಿಟ್ಟುಬಿಡೋದು. ದಯವಿಟ್ಟು ಈ ಒಂದು ವಾಕ್ಯ ನೆನಪಿಟ್ಟುಕೊಳ್ಳಿ, ಮುಂದೆ ಪುಟ್ಟಿಯ ವಿಷಯಕ್ಕೆ ಬರುವಾಗ ಬೇಕಾಗುತ್ತೆ.

1959ರ ಆಗಸ್ಟ್ 13ರಂದು ಈ ಬೆಲ್ಟ್ ಇದ್ದ ಮೊದಲ ಕಾರು, ಒಂದು ವೋಲ್ವೋ ಪಿವಿ 544, ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್ ಊರಿನ ಡೀಲರ್ ಹತ್ತಿರ ಹೋಯಿತು. 1962ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು, ನಂಬರ್ 3,043,625. ಪೇಟೆಂಟ್ ಇದ್ದರೂ ವೋಲ್ವೋ ಅದನ್ನು ತನ್ನ ಬಳಿ ಬಿಗಿಹಿಡಿದು ಕೂರಲಿಲ್ಲ, ಬೇರೆ ಕಾರ್ ಕಂಪನಿಗಳೂ ಬಳಸಲಿ ಅಂತ ಬಿಟ್ಟುಕೊಟ್ಟಿತು. ಇವತ್ತು ನಮ್ಮ ಊರಿನ ಟ್ಯಾಕ್ಸಿಯಿಂದ ಹಿಡಿದು ಎಲ್ಲ ಕಾರುಗಳಲ್ಲೂ ಇರೋದು ಅದೇ ಬೆಲ್ಟ್. ರಾಯಲ್ಟಿ ಬಗ್ಗೆ ಯೋಚಿಸದೆ ಇರೋ ಕಂಪನಿ ಎಲ್ಲಿದೆ ಅಂತ ನಮ್ಮ ಇ-ಸೆಲ್ ಗೆಳೆಯರು ಕೇಳಬಹುದು. ಒಮ್ಮೆಯಾದರೂ ಇತ್ತು.

ಕೊಟ್ಟ ಮಾತ್ರಕ್ಕೆ ಜನ ಹಾಕಿಕೊಂಡರಾ? ಇಲ್ಲ. ಬೆಲ್ಟ್ ಹಾಕಿದರೆ ಬೆಂಕಿ ಹತ್ತಿದಾಗ ಸಿಕ್ಕಿಹಾಕಿಕೊಳ್ತೀವಿ ಅನ್ನೋ ಭಯ, ಹಾಕಿಕೊಂಡರೆ ಡ್ರೈವಿಂಗ್ ಬರಲ್ಲ ಅಂತ ಅರ್ಥ ಅನ್ನೋ ಗತ್ತು. ನಮ್ಮ ಕಡೆ ಈಗ ಇರುವ ನೆಪಗಳೇ. ಬೋಲಿನ್ ವಾದ ಮಾಡೋದು ಬಿಟ್ಟು ಡೇಟಾ ಕೂಡಿಸಿದರು. ಸ್ವೀಡನ್ನಿನಲ್ಲಿ ಒಂದು ವರ್ಷದಲ್ಲಿ ವೋಲ್ವೋ ಕಾರುಗಳಿಗೆ ಆದ 28,000 ಅಪಘಾತಗಳ ವಿವರ ಸೇರಿಸಿ, 1967ರಲ್ಲಿ ಅಮೆರಿಕದ ಸ್ಟ್ಯಾಪ್ ಸಮ್ಮೇಳನದಲ್ಲಿ ಮಂಡಿಸಿದರು. ಬೆಲ್ಟ್ ಹಾಕದವರು ಗಂಟೆಗೆ 20 ಕಿ.ಮೀ. ಆಸುಪಾಸಿನ ವೇಗದಲ್ಲೂ ಸತ್ತಿದ್ದರು. ಹಾಕಿಕೊಂಡವರಲ್ಲಿ 60 ಮೈಲಿಗಿಂತ, ಅಂದರೆ ಸುಮಾರು 96 ಕಿ.ಮೀ.ಗಿಂತ ಕಡಿಮೆ ವೇಗದಲ್ಲಿ ಒಬ್ಬರೂ ಸತ್ತಿರಲಿಲ್ಲ. (ಸ್ಟ್ಯಾಪ್ ಅನ್ನೋದು ಜಾನ್ ಪಾಲ್ ಸ್ಟ್ಯಾಪ್ ಎಂಬ ಸೇನಾ ವೈದ್ಯರ ಹೆಸರು. 1954ರಲ್ಲಿ ರಾಕೆಟ್ ಕಟ್ಟಿದ ಗಾಡಿಯ ಮೇಲೆ ತಾವೇ ಕೂತು, ಗಂಟೆಗೆ ಸಾವಿರ ಕಿ.ಮೀ. ವೇಗದಿಂದ ಸುಮಾರು ಒಂದೂವರೆ ಸೆಕೆಂಡಿನಲ್ಲಿ ನಿಂತು ದೇಹ ಎಷ್ಟು ತಡೆಯುತ್ತೆ ಅಂತ ನೋಡಿದ ಪುಣ್ಯಾತ್ಮ. ಅವರ ಬಗ್ಗೆ ಇನ್ನೊಂದು ಸಂಚಿಕೆಯಲ್ಲಿ ಯಾರಾದರೂ ಬರೀಲಿ.) ಮರುವರ್ಷದಿಂದ ಅಮೆರಿಕದ ಹೊಸ ಕಾರುಗಳಲ್ಲಿ ಬೆಲ್ಟ್ ಇರಲೇಬೇಕು ಅಂತಾಯಿತು. ಹಾಕಿಕೊಳ್ಳೋದನ್ನೇ ಕಡ್ಡಾಯ ಮಾಡಿದ್ದು ಮೊದಲು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ, 1970ರಲ್ಲಿ. ಬೋಲಿನ್‌ರ ಸ್ವಂತ ದೇಶ ಮುಂದಿನ ಸೀಟಿಗೆ ಆ ಕಾನೂನು ತಂದಿದ್ದು 1975ರಲ್ಲಿ.

ಈಗ ಅಕ್ಕನ ಪ್ರಶ್ನೆ. ಗಟ್ಟಿಯಾಗಿ ಹಿಡಿದಿದ್ದ ಮಗು ಕೈತಪ್ಪಿದ್ದು ಹೇಗೆ? ಪೆನ್ನು ತಗೊಳ್ಳಿ. ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ 13.9 ಮೀಟರ್. ಕಾರು ಗುದ್ದಿ ಅರ್ಧ ಮೀಟರಿನಲ್ಲಿ ನಿಂತಿತು ಅಂದುಕೊಳ್ಳಿ. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿ, 193 ಬರುತ್ತೆ. ಗುರುತ್ವದ ಸುಮಾರು 20 ಪಟ್ಟು. ಹತ್ತು ಕೆಜಿ ಮಗುವನ್ನು ಆ ಕ್ಷಣ ತಡೆಯೋದಕ್ಕೆ 200 ಕೆಜಿ ಮೂಟೆ ಎತ್ತುವಷ್ಟು ಬಲ ಬೇಕು. ಯಾವ ತಾಯಿಯ ಕೈಗೂ ಅಷ್ಟು ಬಲ ಇಲ್ಲ. ಪ್ರೀತಿ ಕಡಿಮೆ ಆಗಿದ್ದಕ್ಕೆ ಅಲ್ಲ, ಅಕ್ಕ. ಇನ್ನೊಂದು ಥರ ಹೇಳೋದಾದರೆ ಇದು ಸುಮಾರು ಹತ್ತು ಮೀಟರ್ ಎತ್ತರದಿಂದ, ಮೂರನೇ ಮಹಡಿಯಿಂದ, ಬೀಳುವ ವೇಗ. ನಮ್ಮ ವಿಷಯದಲ್ಲಿ ಬರೀ ಬ್ರೇಕ್ ಆಗಿದ್ದರಿಂದ ಇದರ ಸಣ್ಣ ಪಾಲು ಮಾತ್ರ ಬಿತ್ತು, ಅಷ್ಟಕ್ಕೇ ಹೊಲಿಗೆ. ಇನ್ನು ಮಗುವನ್ನು ಮಡಿಲಲ್ಲಿ ಕೂರಿಸಿ ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟ್ ಹಾಕೋದು ಇನ್ನೂ ಕೆಟ್ಟದ್ದು, ಆಗ ದೊಡ್ಡವರ ದೇಹದ ಭಾರವೆಲ್ಲ ಬೆಲ್ಟಿಗೂ ತಮಗೂ ನಡುವೆ ಸಿಕ್ಕ ಮಗುವಿನ ಮೇಲೆ ಬೀಳುತ್ತೆ.

ಹಾಗಾದರೆ ಮಗುಗೇ ಬೆಲ್ಟ್ ಹಾಕಿಬಿಟ್ಟರೆ? ಇಲ್ಲೇ ಬೋಲಿನ್‌ರ ಡಿಸೈನ್ ಕೈಕೊಡುತ್ತೆ, ಯಾಕಂದ್ರೆ ಅದು ದೊಡ್ಡವರ ಮೂಳೆ ನೋಡಿ ಬರೆದ ಡ್ರಾಯಿಂಗು. ನಾವು ಪುಟ್ಟಿಯನ್ನ ನಿಂತಿದ್ದ ಕಾರಿನಲ್ಲಿ ಕೂರಿಸಿ ಬೆಲ್ಟ್ ಹಾಕಿ ನೋಡಿದ್ವಿ. ಭುಜದ ಪಟ್ಟಿ ನೇರ ಕತ್ತಿನ ಮೇಲೆ. ಸೊಂಟದ ಪಟ್ಟಿ ಹೊಟ್ಟೆಯ ಮೇಲೆ. ಬೋಲಿನ್ ಯಾವ ಎರಡು ಜಾಗ ಬಿಟ್ಟುಬಿಡಬೇಕು ಅಂದಿದ್ದರೋ ಸರಿಯಾಗಿ ಅದೇ ಎರಡು ಜಾಗ. ಚಿಕ್ಕ ಮಕ್ಕಳ ಸೊಂಟದ ಮೂಳೆಯಲ್ಲಿ ಬೆಲ್ಟನ್ನು ತಡೆದು ನಿಲ್ಲಿಸುವ ಮುಂಭಾಗದ ಏಣು ಇನ್ನೂ ಸರಿಯಾಗಿ ಬೆಳೆದಿರಲ್ಲ, ಪಟ್ಟಿ ಮೇಲಕ್ಕೆ ಜಾರಿ ಹೊಟ್ಟೆಗೆ ಹೋಗುತ್ತೆ. ಇನ್ನೂ ಎಳೆ ಮಕ್ಕಳಲ್ಲಿ ಬೇರೆಯದೇ ತೊಂದರೆ. ಹುಟ್ಟಿದ ಮಗುವಿನ ಉದ್ದದಲ್ಲಿ ಕಾಲುಭಾಗ ತಲೆಯೇ. ಆ ಭಾರದ ತಲೆಯನ್ನು ಹೊತ್ತಿರೋದು ಇನ್ನೂ ಪೂರ್ತಿ ಗಟ್ಟಿಯಾಗದ ಕತ್ತು. ಮುಂದೆ ನೋಡಿಕೊಂಡು ಕೂತ ಮಗುವಿನ ಎದೆಯನ್ನು ಎಷ್ಟೇ ಚೆನ್ನಾಗಿ ಕಟ್ಟಿದರೂ ತಲೆ ಮುಂದಕ್ಕೆ ಹೋಗಿಯೇ ಹೋಗುತ್ತೆ, ಆ ಎಳೆತ ಪೂರ್ತಿ ಕತ್ತಿಗೆ.

ಈ ಗಂಟನ್ನು ಬಿಡಿಸಿದವರು ಬೋಲಿನ್ ಅಲ್ಲ, ಅವರ ದೇಶದವರೇ ಆದ ಬರ್ಟಿಲ್ ಆಲ್ಡ್‌ಮನ್ ಎಂಬ ವೈದ್ಯರು. ಮುಂದೆ ಗೋಥೆನ್‌ಬರ್ಗಿನ ಚಾಲ್ಮರ್ಸ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. ಅಮೆರಿಕದ ಜೆಮಿನಿ ಗಗನಯಾತ್ರಿಗಳು ರಾಕೆಟ್ ಹಾರುವಾಗ ಬೆನ್ನಿಗೆ ಅಚ್ಚು ಹಾಕಿದಂಥ ಸೀಟಿನಲ್ಲಿ ಒರಗಿ ಮಲಗಿರುತ್ತಾರೆ, ಫೋರ್ಸ್ ಇಡೀ ಬೆನ್ನಿಗೆ ಹಂಚಿಹೋಗುತ್ತೆ. ಟಿವಿಯಲ್ಲಿ ಇದನ್ನು ನೋಡಿ ಆಲ್ಡ್‌ಮನ್‌ಗೆ ಮಗುವನ್ನು ಕಾರಿನ ಹಿಂಭಾಗದ ಕಡೆ ಮುಖ ಮಾಡಿ ಕೂರಿಸಬೇಕು ಅಂತ ಹೊಳೆಯಿತಂತೆ. ಹಾಗೆ ಕೂತರೆ ಕಾರು ಗುದ್ದಿದಾಗ ತಲೆ, ಕತ್ತು, ಬೆನ್ನು ಮೂರೂ ಒಟ್ಟಿಗೆ ಸೀಟಿನ ಚಿಪ್ಪಿಗೆ ಒತ್ತಿಕೊಳ್ಳುತ್ತವೆ, ಕತ್ತು ಒಂಟಿಯಾಗಿ ಎಳೆತ ತಿನ್ನಲ್ಲ. 1964ರಲ್ಲಿ ಮೊದಲ ಮಾದರಿಯನ್ನು ಪರೀಕ್ಷಿಸಿದ್ದು ಎಲ್ಲಿ ಗೊತ್ತಾ? ಬೋಲಿನ್‌ರ ಬೆಲ್ಟ್ ಮೊದಲು ಬಂದ ಅದೇ ಮಾಡೆಲಿನ ಕಾರಿನಲ್ಲಿ, ಪಿವಿ 544ರಲ್ಲಿ. ಸ್ವೀಡನ್ನಿನಲ್ಲಿ ಇವತ್ತಿಗೂ ಮಕ್ಕಳನ್ನು ಸುಮಾರು ನಾಲ್ಕು ವರ್ಷದವರೆಗೆ ಹಿಂದೆ ಮುಖ ಮಾಡಿಯೇ ಕೂರಿಸುತ್ತಾರೆ. ನಮ್ಮಲ್ಲಿ ಒಂದು ವರ್ಷ ತುಂಬಿದ ತಕ್ಷಣ ಮುಂದಕ್ಕೆ ತಿರುಗಿಸಿಬಿಡೋ ಆತುರ, ಕಾಲು ಮಡಚಿಕೊಂಡು ಕೂತಿದೆ ಪಾಪ ಅಂತ. ಮಕ್ಕಳಿಗೆ ಕಾಲು ಮಡಚೋದು ಕಷ್ಟವೇ ಅಲ್ಲ, ಅವರು ಮನೆಯಲ್ಲಿ ಕೂರೋದೇ ಹಾಗೆ.

1969ರಿಂದ ಬೋಲಿನ್ ವೋಲ್ವೋದ ಸಂಶೋಧನಾ ವಿಭಾಗದ ಹೊಣೆ ಹೊತ್ತರು. ಅವರು ಆ ಕಂಪನಿಯಲ್ಲಿದ್ದ ಕಾಲದಲ್ಲೇ, 1972ರಲ್ಲಿ, ಹಿಂದೆ ಮುಖ ಮಾಡುವ ಮಕ್ಕಳ ಸೀಟು ಮಾರುಕಟ್ಟೆಗೆ ಬಂತು, 1978ರಲ್ಲಿ ಬೂಸ್ಟರ್. ಬೂಸ್ಟರ್ ಅಂದರೆ ನೋಡೋಕೆ ಒಂದು ದಪ್ಪ ದಿಂಬು, ನಾವೂ ಮೆತ್ತಗಿರಲಿ ಅಂತ ಕೊಡೋದು ಅಂದುಕೊಂಡಿದ್ವಿ. ಅದರ ಕೆಲಸವೇ ಬೇರೆ. ಸೀಟಿಂದ ದೊಡ್ಡದಾದ ಮಗುವನ್ನು ಕೆಲವು ಇಂಚು ಮೇಲೆತ್ತಿ, ಬೋಲಿನ್ ಯಾವ ಅಳತೆಯ ಮನುಷ್ಯನಿಗೆ ಬೆಲ್ಟ್ ಬರೆದಿದ್ದರೋ ಆ ಅಳತೆಗೆ ತರುತ್ತೆ. ಭುಜದ ಪಟ್ಟಿ ಕತ್ತು ಬಿಟ್ಟು ಭುಜದ ನಡುವಿಗೆ ಬರುತ್ತೆ. ಕೆಳಗಿನ ಪಟ್ಟಿಯನ್ನು ಬೂಸ್ಟರಿನ ಎರಡೂ ಬದಿಯ ಕೊಂಬಿನಂಥ ಭಾಗ ತೊಡೆಯ ಹತ್ತಿರ ಒತ್ತಿ ಹಿಡಿಯುತ್ತೆ, ಹೊಟ್ಟೆಗೆ ಜಾರಕ್ಕೆ ಬಿಡಲ್ಲ. ಮನೆಯ ದಿಂಬು ಇಟ್ಟರೆ ಸಾಕಲ್ಲ ಅಂತ ಕೇಳೋವ್ರಿಗೆ ಉತ್ತರ ಇದೇ. ದಿಂಬು ಕುಗ್ಗುತ್ತೆ, ಜಾರುತ್ತೆ, ಪಟ್ಟಿಯನ್ನು ಹಿಡಿಯಲ್ಲ.

ನಮ್ಮ ಮನೆಯ ಕಥೆಗೆ ಬಂದರೆ, ಸೀಟು ತರೋಕೆ ಮೊದಲು ಅಜ್ಜಿಯನ್ನು ಒಪ್ಪಿಸಬೇಕಿತ್ತು. ಮಗುವನ್ನು ಕಟ್ಟಿಹಾಕಿ ಕರ್ಕೊಂಡು ಹೋಗೋದು ಅಜ್ಜಿಗೆ ಸರಿಬರಲಿಲ್ಲ. ಸಂಬಂಧಿಕರ ಮನೆಯಲ್ಲಿ ಹಳೇದು ಒಂದಿತ್ತು, ತೊಟ್ಟಿಲು ಕೊಟ್ಟ ಹಾಗೆ ಅದನ್ನೂ ಕೊಡ್ತೀವಿ ಅಂದರು. ಅದು ಒಂದು ಸಲ ಅಪಘಾತವಾದ ಕಾರಿನಲ್ಲಿ ಇದ್ದದ್ದು ಅಂತ ಗೊತ್ತಾಯ್ತು, ಬೇಡ ಅಂದ್ವಿ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಸೀಳಿರಬಹುದು, ಮೆಟೀರಿಯಲ್ ಸೈನ್ಸ್ ಓದಿದವರಿಗೆ ಇದನ್ನ ಹೇಳಬೇಕಾಗಿಲ್ಲ. ಕೊನೆಗೆ ಭಾವ ಹೊಸದನ್ನೇ ತಂದರು. ಸೀಟು ಆರಿಸುವಾಗ ವಯಸ್ಸು ನೋಡಿದರೆ ಸಾಲದು, ಮಗುವಿನ ತೂಕ ಎತ್ತರ ಎರಡನ್ನೂ ನೋಡಬೇಕು, ಸೀಟಿನ ಮೇಲೆ ಬರೆದಿರುತ್ತೆ. ನಮ್ಮ ಕಾರಿಗೆ ಸರಿಯಾಗಿ ಕೂರುತ್ತಾ ಅಂತ ಅಂಗಡಿಯ ಮುಂದೆಯೇ ಇಟ್ಟು ನೋಡೋದು ಒಳ್ಳೇದು.

ಆ ಸೀಟನ್ನು ಕೂರಿಸೋಕೆ ಮೂರು ಜನ ಮೆಕ್ಯಾನಿಕಲ್ ಹುಡುಗರಿಗೆ, ಅಂದರೆ ನಮಗೆ ಮತ್ತು ನಮ್ಮ ಇಬ್ಬರು ಗೆಳೆಯರಿಗೆ, ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಹೊಸ ಕಾರಾಗಿದ್ದರೆ ಹಿಂದಿನ ಸೀಟಿನ ಸಂದಿಯಲ್ಲಿ ಐಸೋಫಿಕ್ಸ್ ಕೊಂಡಿಗಳು ಇರುತ್ತವೆ, ಟಕ್ ಅಂತ ಸಿಗಿಸಿದರೆ ಆಯ್ತು. ಭಾವನ ಕಾರು ಹಳೇದು, ಬೆಲ್ಟಿನಲ್ಲೇ ಕಟ್ಟಬೇಕು. ಮೊದಲ ಸಲ ಕಟ್ಟಿದಾಗ ಸೀಟು ಎತ್ತಿನಗಾಡಿ ಥರ ಅಲ್ಲಾಡ್ತಿತ್ತು. ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿಯಬಾರದು ಅನ್ನೋದು ಪರೀಕ್ಷೆ. ಒಬ್ಬ ಮೊಣಕಾಲು ಹಾಕಿ ಸೀಟನ್ನು ಒತ್ತಿ ಹಿಡಿದು, ಇನ್ನೊಬ್ಬ ಬೆಲ್ಟ್ ಎಳೆದು, ನಾಲ್ಕನೇ ಸಲಕ್ಕೆ ಪಾಸಾದ್ವಿ. ಮಗುವನ್ನು ಕೂರಿಸಿದ ಮೇಲೆ ಭುಜದ ಪಟ್ಟಿಗಳು ಹಿಂದೆ ಮುಖ ಮಾಡಿ ಕೂತಾಗ ಭುಜದ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗಿನಿಂದ ಬರಬೇಕು, ಮುಂದೆ ಮುಖ ಮಾಡುವ ವಯಸ್ಸು ಬಂದಾಗ ಭುಜದ ಮಟ್ಟದಲ್ಲಿ ಅಥವಾ ಮೇಲಿನಿಂದ. ಪಟ್ಟಿ ಬಿಗಿ ಮಾಡಿದ ಮೇಲೆ ಭುಜದ ಹತ್ತಿರ ಎರಡು ಬೆರಳಲ್ಲಿ ಚಿವುಟಿದರೆ ಮಡಿಕೆ ಸಿಗಬಾರದು. ದಪ್ಪ ಸ್ವೆಟರ್ ಹಾಕಿಸಿ ಕೂರಿಸಿದರೆ ಪಟ್ಟಿ ಬಿಗಿ ಇದೆ ಅಂತ ಸುಳ್ಳು ಸಮಾಧಾನ ಅಷ್ಟೆ, ಗುದ್ದಿದಾಗ ಸ್ವೆಟರ್ ಕುಗ್ಗಿ ಪಟ್ಟಿ ಸಡಿಲ. ಇನ್ನೊಂದು, ಎಲ್ಲಕ್ಕಿಂತ ಮುಖ್ಯವಾದದ್ದು: ಹಿಂದೆ ಮುಖ ಮಾಡಿದ ಸೀಟನ್ನು ಏರ್‌ಬ್ಯಾಗ್ ಆನ್ ಇರುವ ಮುಂದಿನ ಸೀಟಿನಲ್ಲಿ ಯಾವತ್ತೂ ಇಡಬಾರದು. ಏರ್‌ಬ್ಯಾಗ್ ಬಂದು ಬಡಿಯೋದು ಸರಿಯಾಗಿ ಮಗುವಿನ ತಲೆಯ ಹಿಂದಿನ ಚಿಪ್ಪಿಗೆ. ದಸರಾ ದಿನ ಅಕ್ಕನ ಮಡಿಲಲ್ಲಿ ಪುಟ್ಟಿ ಕೂತಿದ್ದೂ ಅದೇ ಏರ್‌ಬ್ಯಾಗ್ ಮುಂದೆ. ಇದನ್ನ ಓದಿದ ದಿನ ಭಾವ ಊಟ ಮಾಡಲಿಲ್ಲ.

ಕಾನೂನು ಬೇಕು ಅನ್ನೋವ್ರಿಗೆ: 2019ರ ತಿದ್ದುಪಡಿಯ ನಂತರ ನಮ್ಮ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕಾರು ಓಡಿಸಿದರೆ 1000 ರೂಪಾಯಿ ದಂಡ. ಹೆಲ್ಮೆಟ್‌ಗೆ ಹಿಡಿದಷ್ಟು ಇದಕ್ಕೆ ಹಿಡಿದಿದ್ದನ್ನ ನಾವಂತೂ ನೋಡಿಲ್ಲ. ಅಂಗಡಿಗಳಲ್ಲಿ ಬೆಲ್ಟ್ ಬದಲು ಸಿಗಿಸೋಕೆ ಬರೀ ನಾಲಿಗೆ ಇರೋ ಡಮ್ಮಿ ಕ್ಲಿಪ್ ಮಾರ್ತಾರೆ, ಬೀಪ್ ನಿಲ್ಲಿಸೋಕೆ. ಒಂದು ಕೈಯಲ್ಲಿ ಹಾಕಿಕೊಳ್ಳುವಂತೆ ಇರಲಿ ಅಂತ ಒಬ್ಬ ಎಂಜಿನಿಯರ್ ತಲೆ ಕೆಡಿಸಿಕೊಂಡರೆ, ಹಾಕಿಕೊಳ್ಳದೇ ಇರೋಕೆ ಇನ್ನೊಬ್ಬ ಎಂಜಿನಿಯರ್ ಡೈ ಮಾಡಿ ಕ್ಲಿಪ್ ಅಚ್ಚು ಹಾಕಿದ್ದಾನೆ. ಅವನೂ ನಮ್ಮ ಬ್ರಾಂಚಿನವನೇ ಇರಬೇಕು.

ಬೋಲಿನ್ 1985ರಲ್ಲಿ ನಿವೃತ್ತರಾದರು. ಅದೇ ವರ್ಷ ಜರ್ಮನಿಯ ಪೇಟೆಂಟ್ ಕಚೇರಿ, ನೂರು ವರ್ಷಗಳಲ್ಲಿ ಮನುಷ್ಯರಿಗೆ ಅತಿ ಹೆಚ್ಚು ಉಪಯೋಗವಾದ ಎಂಟು ಪೇಟೆಂಟುಗಳ ಪಟ್ಟಿಯಲ್ಲಿ ಅವರದ್ದನ್ನೂ ಸೇರಿಸಿತು. 1995ರಲ್ಲಿ ಸ್ವೀಡನ್ನಿನ ರಾಯಲ್ ಎಂಜಿನಿಯರಿಂಗ್ ಅಕಾಡೆಮಿ ಚಿನ್ನದ ಪದಕ ಕೊಟ್ಟಿತು. ಅವರ ಬೆಲ್ಟ್ ಹತ್ತು ಲಕ್ಷಕ್ಕೂ ಹೆಚ್ಚು ಜೀವ ಉಳಿಸಿದೆ ಅನ್ನೋದು ವೋಲ್ವೋದ ಅಂದಾಜು. 2002ರ ಸೆಪ್ಟೆಂಬರ್ 21ರಂದು, 82ನೇ ವಯಸ್ಸಿನಲ್ಲಿ, ಬೋಲಿನ್ ಹೃದಯಾಘಾತದಿಂದ ತೀರಿಕೊಂಡರು. ಅಮೆರಿಕದ ಸಂಶೋಧಕರ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿದ್ದೂ ಅದೇ ವರ್ಷ. ಸ್ವೀಡನ್ನಿನ ದಕ್ಷಿಣದಲ್ಲಿ ಟೋರ್ಪಾ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ ಅವರ ಸಮಾಧಿ ಇದೆ. ನಮ್ಮ ಬ್ಯಾಚಿನವರು ಯಾರೂ ಆಗ ಹುಟ್ಟಿರಲಿಲ್ಲ.

ಪುಟ್ಟಿ ಮೊದಲೆರಡು ದಿನ ಸೀಟಿನಲ್ಲಿ ಗಲಾಟೆ ಮಾಡಿದಳು. ಮೂರನೇ ಸಲಕ್ಕೆ ಹಿಂದಿನ ಗಾಜಿನಿಂದ ಬರುವ ಲಾರಿಗಳಿಗೆ ಟಾಟಾ ಮಾಡಬಹುದು ಅಂತ ಕಂಡುಕೊಂಡಳು, ಈಗ ತಾನೇ ಹೋಗಿ ಹತ್ತಿ ಕೂರ್ತಾಳೆ. ಅವಳ ಪಕ್ಕ ಕೂತ ಅಜ್ಜಿಯೂ ಈಗ ಬೆಲ್ಟ್ ಹಾಕ್ತಾರೆ, ಯಾಕಂದ್ರೆ ಹಾಕದಿದ್ದರೆ ಪುಟ್ಟಿ ಬಿಡಲ್ಲ. ಸ್ವೀಡನ್ನಿನಲ್ಲಿ 135 ಸೆಂಟಿಮೀಟರಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಸೀಟು ಅಥವಾ ಬೂಸ್ಟರ್ ಬೇಕೇ ಬೇಕು. ಅದಾದ ಮೇಲೂ ಬೆನ್ನು ಸೀಟಿಗೆ ಒರಗಿದಾಗ ಮೊಣಕಾಲು ಸೀಟಿನ ಅಂಚಿನಲ್ಲಿ ಮಡಚುತ್ತಾ, ಪಟ್ಟಿ ಭುಜದ ನಡುವೆ ಮತ್ತು ತೊಡೆಯ ಬುಡದಲ್ಲಿ ಕೂರುತ್ತಾ ಅಂತ ನೋಡಿಯೇ ಬೂಸ್ಟರ್ ತೆಗೀಬೇಕು. ಭಾವ ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ 135ಕ್ಕೆ ಒಂದು ಗೆರೆ ಎಳೆದಿದ್ದಾರೆ. ಕಳೆದ ಭಾನುವಾರ ಪುಟ್ಟಿಯನ್ನು ನಿಲ್ಲಿಸಿ ಅಳೆದ್ವಿ. 91 ಆಗಿದ್ದಾಳೆ.